ಸ್ತಮಾತಿಯಾಳ ನೀಲಿ ಮಣಿ

ಉತ್ತರ ಗ್ರೀಸಿನ ನಮ್ಮ ಬಂದರು ಊರಿನಲ್ಲಿ ಮೂಳೆ ಮುರಿದುಕೊಂಡವರ ಪೈಕಿ ಸ್ತಮಾತಿಯಾಳ ಕೈಯಲ್ಲಿ ಮೈ ಒರೆಸಿಕೊಳ್ಳದವರು ಕಡಿಮೆ. ಹತ್ತೊಂಬತ್ತು ವರ್ಷಗಳಿಂದ ಅವಳು ಆಸ್ಪತ್ರೆಯ ಮೂಳೆ ವಾರ್ಡಿನ ಆಯಾ. ಆಪರೇಷನ್ ಆಗಿ ಬಂದವರಲ್ಲಿ ಹೆಚ್ಚು ಬಳಲಿದವರ ಅಂಗಿಯ ಒಳಮಗ್ಗುಲಿಗೆ ಒಂದು ಪಿನ್ನು ಚುಚ್ಚುತ್ತಿದ್ದಳು. ಅದರಲ್ಲಿ ಕಣ್ಣಿನ ಗುರುತಿದ್ದ ನೀಲಿ ಗಾಜಿನ ಮಣಿ, ದೃಷ್ಟಿ ತಾಗದಿರಲೆಂದು. ಇದ್ದದ್ದು ಒಂದೇ, ಅವಳ ತಾಯಿಯದು. ಒಬ್ಬರು ಮನೆಗೆ ಹೊರಟರೆ ಬಿಚ್ಚಿ ಇನ್ನೊಬ್ಬರಿಗೆ ಚುಚ್ಚುವಳು. ವೈದ್ಯರು ನಗುತ್ತಿದ್ದರು, ಬೇಡವೆನ್ನುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ನೋಡುವ ನಾನೂ ಅನ್ನಲಿಲ್ಲ.

ಫೆಬ್ರವರಿಯಲ್ಲಿ ಅವಳ ತಮ್ಮ ಅನೆಸ್ತಿಸ್ ದೋಣಿಯಿಂದ ಇಳಿಯುವಾಗ ಜಾರಿ ತೊಡೆಮೂಳೆ ಮುರಿದುಕೊಂಡ. ಉಕ್ಕಿನ ಸರಳು ಹಾಕಿದರು, ಅಕ್ಕ ಮಣಿ ಚುಚ್ಚಿದಳು. ಐದನೆಯ ದಿನ ಜ್ವರ, ಏಳನೆಯ ದಿನ ಕೀವು.

ಆ ಕೀವಿನಿಂದ ನನ್ನ ತಟ್ಟೆಯಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಹೊಂಬಣ್ಣಕ್ಕೆ ಬೆಳೆಯಿತು. ಔಷಧದ ಬಿಲ್ಲೆಗಳನ್ನು ಅದರ ಮೇಲಿಟ್ಟರೆ, ಔಷಧ ಕೊಲ್ಲುವ ಕಡೆ ಬಿಲ್ಲೆಯ ಸುತ್ತ ಬರಿದಾದ ಬಳೆ ಮೂಡಬೇಕು. ಒಂದೊಂದೇ ಬಿಲ್ಲೆಯ ಅಂಚಿನವರೆಗೂ ಬೆಳೆ ಹಬ್ಬಿತ್ತು. ಕೊನೆಗೆ ಉಳಿದದ್ದು ಎರಡು ಔಷಧ. ಒಂದನ್ನು ಅವನ ಮೂತ್ರಪಿಂಡ ತಡೆಯಲಿಲ್ಲ. ಇನ್ನೊಂದು ಎರಡನೆಯ ವಾರಕ್ಕೆ ರಕ್ತವನ್ನೇ ಕೆಡಿಸತೊಡಗಿತು.

ಸ್ತಮಾತಿಯಾ ದಿನಾ ಮಧ್ಯಾಹ್ನ ನನ್ನ ಕಿಟಕಿಗೆ ಬರುತ್ತಿದ್ದಳು.

"ಇವತ್ತು ಏನಾದ್ರೂ ಸತ್ತಿದ್ಯಾ, ಮಗಳೇ?"

ಇಲ್ಲವೆಂದರೆ, ನಮ್ಮಪ್ಪನ ಕತ್ತೆಯೂ ಹೀಗೇ, ಹೊಡೆದಷ್ಟೂ ಕಾಲೂರಿ ನಿಲ್ಲುತ್ತಿತ್ತು ಎಂದು ಹೇಳಿ ಹೋಗುವಳು. ಅನೆಸ್ತಿಸ್ ಅವಳನ್ನು ಕೆಣಕುತ್ತಿದ್ದನಂತೆ, ನಿನ್ನ ಮಣಿ ನನ್ನ ಪಾಳಿಯಲ್ಲಿ ನಿದ್ದೆ ಹೋಯಿತಾ ಎಂದು.

ಸೋಂಕಿನ ಮೂಲ ಹುಡುಕಲು ನನಗೆ ಹೇಳಿದರು. ಮಂಚದ ಸರಳು, ನಲ್ಲಿ, ಮೂವತ್ತೊಂದು ಜನರ ಮೂಗು, ಎಲ್ಲ ಒರೆಸಿ ನೋಡಿದೆ. ಸ್ತಮಾತಿಯಾಳ ಮೂಗಿನಲ್ಲಿ ಇರಲಿಲ್ಲ, ತೊಳೆದು ತೊಳೆದು ಬಿರುಕು ಬಿಟ್ಟ ಕೈಯಲ್ಲೂ ಇರಲಿಲ್ಲ. ಅವಳೇ ತಮ್ಮನ ಅಂಗಿಯಿಂದ ಮಣಿ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಇದನ್ನೂ ಒರೆಸು. ಇದೂ ವಾರ್ಡಲ್ಲೇ ಕೆಲಸ ಮಾಡೋದು."

ಎರಡು ದಿನಕ್ಕೆ ತಟ್ಟೆಯಲ್ಲಿ ಅದೇ ಹೊಂಬಣ್ಣ. ಅದು ಬಗ್ಗದ ಔಷಧಗಳ ಪಟ್ಟಿಯೂ ಅದೇ.

ಅವಳು ಕೇಳಿದಾಗ, ಮಣಿಗೆ ನಿಮ್ಮ ತಮ್ಮನಿಂದಲೇ ಬಂದಿರಬಹುದು ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

"ನಾಲ್ಕನೇ ಮಂಚದ ಎವಾಂಥಿಯಾಳ ಕೀವಲ್ಲೂ ಇದೇನಾ?" ಎಂದಳು. ಎವಾಂಥಿಯಾ ಗುಣವಾಯಿತೆಂದು ಮನೆಗೆ ಹೋದವಳು ಮೂರೇ ದಿನದಲ್ಲಿ ಕೀವಿನೊಂದಿಗೆ ವಾಪಸು ಬಂದಿದ್ದಳು. ಅದೇ ರೋಗಾಣುವೆಂದು ಬರೆದ ಅವಳ ವರದಿಯ ಹಾಳೆ ನನ್ನ ಮೇಜಿನ ಮೇಲೇ ಇತ್ತು. ನಾನು ಅದನ್ನು ಮಗುಚಿಟ್ಟೆ.

"ಅವಳಿಂದ ಬಿಚ್ಚಿ ಮಾರನೇ ದಿನವೇ ಅವನಿಗೆ ಚುಚ್ಚಿದ್ದು. ನನ್ನ ಕೈಯಾರೆ."

ಸೊಂಟದ ಬುಡದಿಂದ ಕಾಲು ತೆಗೆಯದೆ ದಾರಿಯಿಲ್ಲವೆಂದು, ತೆಗೆದರೂ ಉಳಿಯುವುದು ಮೂವರಲ್ಲಿ ಒಬ್ಬನೆಂದು ವೈದ್ಯರು ಹೇಳಿದರು. ಆಪರೇಷನ್ನಿನ ಬೆಳಿಗ್ಗೆ ಅನೆಸ್ತಿಸ್ ಮಣಿ ಕೇಳಿದ. ಮಣಿಯಲ್ಲಿ ಸಿಕ್ಕಿದ್ದನ್ನು ಅವನಿಗೆ ತಿಳಿಸಿರಲಿಲ್ಲ. ನಾನು ಅದನ್ನು ನೂರಿಪ್ಪತ್ತೊಂದು ಡಿಗ್ರಿಯ ಆವಿಯಲ್ಲಿ ಹದಿನೈದು ನಿಮಿಷ ಇಟ್ಟು, ಕಾಗದದಲ್ಲಿ ಸುತ್ತಿ, ಅಂಟುಪಟ್ಟಿ ಹಚ್ಚಿ ಕೊಟ್ಟೆ. ಈಗ ಇದರಲ್ಲಿ ಏನೂ ಜೀವಂತ ಉಳಿದಿಲ್ಲ, ಧೈರ್ಯವಾಗಿ ಹಾಕಿ ಎಂದೆ. ಅವಳು ಪೊಟ್ಟಣವನ್ನು ಜೇಬಿಗಿಟ್ಟುಕೊಂಡಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ತಮ್ಮನಿಗೆ ಅವಳು ಹೇಳಿದ್ದು, ಮಣಿ ಕಳೆದುಹೋಯಿತು ಎಂದು.

"ಹಾಗಾದ್ರೆ ದೃಷ್ಟಿಗೆ ಮೂರು ಸಲ ಥೂ ಅನ್ನು ಅಕ್ಕಾ. ಅದಕ್ಕೇನು ಮಣಿ ಬೇಡವಲ್ಲ."

ಅವಳ ಬಾಯಿಗೆ ಮುಖಗವಸು ಇತ್ತು. ತೆಗೆಯಲಿಲ್ಲ. ಗೋಡೆಯ ಕಡೆ ತಿರುಗಿ, ಬಟ್ಟೆಯೊಳಗೇ ಮೂರು ಸಲ ಆ ಸದ್ದು ಮಾಡಿದಳು.

ಕಾಲು ತೆಗೆದ ಆರನೆಯ ದಿನ ಅನೆಸ್ತಿಸ್ ತೀರಿಕೊಂಡ. ಮಣ್ಣು ಮಾಡಿದ ಮರುದಿನ ಮಧ್ಯಾಹ್ನ ಅವಳು ಕಿಟಕಿಗೆ ಬಂದಳು. ಏನೂ ಕೇಳಲಿಲ್ಲ. ಮಣಿಯ ಪೊಟ್ಟಣವನ್ನು ಕಿಟಕಿಯೊಳಗೆ ನನ್ನ ಮುಂದಿಟ್ಟು ವಾರ್ಡಿಗೆ ಹೋದಳು. ನಾನು ಹಚ್ಚಿದ್ದ ಅಂಟುಪಟ್ಟಿ ಹಾಗೇ ಇತ್ತು.