ನಾಲ್ಕನೆಯ ಚಿತ್ರ

ಅಪ್ಪ ಮಿದುಳಿನ ನರಗಳ ಸಂಶೋಧಕರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಶಾಯಿಯಲ್ಲಿ ಚಿತ್ರ ಬರೆದು, ಲೇಖನದ ಜೊತೆ ಹೊರದೇಶದ ಪತ್ರಿಕೆಗಳಿಗೆ ಕಳಿಸಬೇಕಿತ್ತು. ಅವರ ಕೈ ನಡುಗುತ್ತಿತ್ತು, ನನ್ನದು ನಡುಗುತ್ತಿರಲಿಲ್ಲ. ನಾನು ಮಾಡಿದ ಅಪರಾಧ ಅಷ್ಟೇ. ಇಂಟರ್‌ಮೀಡಿಯೆಟ್ ಪಾಸಾಗಿ ಬಿ.ಎಸ್ಸಿ. ಸೇರುತ್ತೇನೆಂದು ಕುಣಿಯುತ್ತಿದ್ದವಳನ್ನು ಬಸವನಗುಡಿಯ ಮನೆಯ ಕಿಟಕಿ ಪಕ್ಕದ ಮೇಜಿಗೆ ಕೂರಿಸಿದರು.

"ಈ ಲೇಖನಕ್ಕೆ ಆರು ಚಿತ್ರ ಬರ್ಕೊಡು ಪುಟ್ಟಿ. ಮುಂದಿನ್ ವರ್ಷ ನಾನೇ ಕರ್ಕೊಂಡ್ಹೋಗಿ ಕಾಲೇಜಿಗೆ ಸೇರಿಸ್ತೀನಿ."

ನಾಲ್ಕನೆಯ ಚಿತ್ರಕ್ಕೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ನರಕೋಶಗಳಿದ್ದವು. ಒಂದರಿಂದ ಹೊರಟ ಎಳೆ ಇನ್ನೊಂದರ ಹತ್ತಿರದವರೆಗೂ ಹೋಗಿ, ಕೂದಲೆಳೆಯಷ್ಟು ಸಂದು ಬಿಟ್ಟು ನಿಂತಿತ್ತು. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕಿಗಳನ್ನು ಸುತ್ತಿ ರಂಗೋಲಿ ಎಳೆಯುವ ಕೈ ನನ್ನದು. ಅದರಲ್ಲಿ ಎಳೆ ಎಲ್ಲೂ ತುಂಡಾಗಬಾರದು, ಸುತ್ತಿ ಬಂದು ಕೂಡಲೇಬೇಕು. ಎಲ್ಲಾದರೂ ಸಂದು ಬಿಟ್ಟರೆ ಅಜ್ಜಿ ಪೂರ್ತಿ ಅಳಿಸಿ ಮತ್ತೆ ಹಾಕಿಸುತ್ತಿದ್ದರು. ಆ ಅಭ್ಯಾಸದಲ್ಲೇ ಕೈ ನರದ ಎಳೆಯನ್ನೂ ಕೂಡಿಸಿಬಿಟ್ಟಿತು. ನನಗದು ಗೊತ್ತೇ ಆಗಲಿಲ್ಲ.

ನರಕೋಶಗಳ ನಡುವೆ ಸಂದು ಇರುತ್ತದೆಂದೇ ಆವರೆಗೆ ಎಲ್ಲರೂ ಬರೆದಿದ್ದರು. ಅಪ್ಪ ಚಿತ್ರ ನೋಡಿ ಬೆರಗಾದರು. "ಇಲ್ಲಿ ಸೇರೋದು ನನ್ನ ಕಣ್ಣಿಗೇ ಬಿದ್ದಿರ್ಲಿಲ್ವಲ್ಲೇ!" ಸೂಕ್ಷ್ಮದರ್ಶಕದಲ್ಲಿ ಒಂದು ಸಲ ಇಣುಕಿದ ಹಾಗೆ ಮಾಡಿ, ಲೇಖನದ ಕೊನೆಯ ಪುಟಗಳನ್ನು ಹೊಸದಾಗಿ ಬರೆದರು.

ಲೇಖನ ಅಚ್ಚಾದದ್ದೇ ತಡ, ಕಾರ್ಡುಗಳು ಬರತೊಡಗಿದವು. ಎಲ್ಲೆಲ್ಲಿಯ ವಿದ್ವಾಂಸರೋ ಲೇಖನದ ಒಂದು ಪ್ರತಿ ಕಳಿಸಿಕೊಡಿ ಎಂದು ಕೇಳುತ್ತಿದ್ದರು. ಯಾರ ಹೊಸ ಲೇಖನ ತೆಗೆದರೂ ಅಪ್ಪನ ಹೆಸರಿರುತ್ತಿತ್ತು. ಒಂದು ಪಠ್ಯಪುಸ್ತಕದಲ್ಲಿ ನನ್ನ ನಾಲ್ಕನೆಯ ಚಿತ್ರವೇ ಅಚ್ಚಾಯಿತು, ಕೆಳಗೆ ಅಪ್ಪನ ಹೆಸರು. ಅಪ್ಪ ಆ ಪುಟವನ್ನು ಮನೆಗೆ ಬಂದವರಿಗೆಲ್ಲ ತೋರಿಸಿದರು, ಹಾಲಿನವನನ್ನೂ ಬಿಡಲಿಲ್ಲ.

ಹೆಸರು ಬಂದ ಮೇಲೆ ಕೇಳಬೇಕೆ? ಆ ಎಳೆಯ ಬೆನ್ನು ಹತ್ತಿ ಇನ್ನೊಂದು ಲೇಖನ, ಮತ್ತೊಂದು ಲೇಖನ. ಕಾಲೇಜು ಮುಂದಿನ ವರ್ಷಕ್ಕೆ ಹೋಯಿತು, ಅಲ್ಲಿಂದ ಅದರ ಮುಂದಿನ ವರ್ಷಕ್ಕೆ. ಮಲ್ಲೇಶ್ವರಂನ ನನ್ನ ಗೆಳತಿ ಎರಡು ವರ್ಷದ ಡಿಗ್ರಿ ಮುಗಿಸಿ ಮೇಷ್ಟ್ರ ಕೆಲಸಕ್ಕೂ ಸೇರಿ, ನಮ್ಮ ಮನೆಗೆ ಬಂದು ಹೋದಳು. ಅವಳ ಎದುರು ನಗುನಗುತ್ತಲೇ ಕೋಡುಬಳೆ ಕೊಟ್ಟೆ. ಹೊಟ್ಟೆ ಉರಿದುಹೋಗಿತ್ತು.

ಮೂರನೆಯ ವರ್ಷ ಅಪ್ಪ ಅದೇ ಚಿತ್ರವನ್ನು ದೊಡ್ಡದಾಗಿ ಬರೆಯಲು ಹೇಳಿದರು. ನರದ ತುಣುಕು ಅಂಟಿಸಿದ್ದ ಹಳೆಯ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕಕ್ಕಿಟ್ಟು ನೋಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಎಳೆ ಸೇರಿರಲಿಲ್ಲ.

ನನ್ನನ್ನು ಆ ಮೇಜಿಗೆ ಕಟ್ಟಿಹಾಕಿದ್ದು ನನ್ನದೇ ಕೈ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರೆ ಆ ಲೇಖನವನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ, ನಾನು ಎಂದೋ ಕಾಲೇಜು ಮೆಟ್ಟಿಲು ಹತ್ತಿರುತ್ತಿದ್ದೆ. ಈಗ ನಿಜ ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ನನಗೆ ಬಿಡುಗಡೆಯಿಲ್ಲ. ಎರಡು ವಾರ ತಟ್ಟೆಯಲ್ಲಿ ಅನ್ನ ಬಿಟ್ಟೇ ಏಳುತ್ತಿದ್ದೆ. ಅಮ್ಮ ದೃಷ್ಟಿ ತೆಗೆದರು.

ಒಂದು ಭಾನುವಾರ ಮಧ್ಯಾಹ್ನ ಹೇಳಿಯೇಬಿಟ್ಟೆ. "ಅಪ್ಪ, ನಾಲ್ಕನೇ ಚಿತ್ರ ತಪ್ಪು. ಅಲ್ಲಿ ಎಳೆ ಸೇರಿಲ್ಲ, ನಾನು ಸೇರಿಸ್ಬಿಟ್ಟಿದೀನಿ. ನೀವೇ ನೋಡಿ."

ಅಪ್ಪ ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದರು. ಪಕ್ಕದಲ್ಲಿದ್ದ ಕಾಫಿ ಕೆನೆ ಕಟ್ಟುವವರೆಗೂ ನೋಡಿದರು. ಬೈದರೂ ಸರಿ, ಇವತ್ತಿಗೆ ಇದು ಮುಗಿಯಿತು ಎಂದುಕೊಂಡು ನಾನು ಸೆರಗಿನ ತುದಿ ಹಿಡಿದು ನಿಂತಿದ್ದೆ.

"ಸೇರಿದೆಯಲ್ಲೇ ಪುಟ್ಟಿ," ಎಂದರು. "ಎಷ್ಟ್ ಚೆನ್ನಾಗ್ ಕಾಣ್ತಿದೆ! ನಿನ್ ಕಣ್ಣು ದಣಿದಿದೆ ಅಷ್ಟೆ. ನಾಳೆ ಬರಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದರೆ ಜಗಳವಾಡಿಯಾದರೂ ಎದ್ದು ಹೋಗುತ್ತಿದ್ದೆ. ಮೂರು ವರ್ಷ ನನ್ನ ಚಿತ್ರ ನೋಡಿ ನೋಡಿ, ಅವರಿಗೆ ಗಾಜಿನಲ್ಲೂ ಅದೇ ಕಾಣುತ್ತಿತ್ತು.

ಮರುದಿನ ಮೇಜಿಗೆ ಕೂತೆ. ಅಪ್ಪ ಹಿಂದೆ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. ಕಣ್ಣಿಟ್ಟು ನೋಡಿದೆ, ಸಂದು ಇತ್ತು. ನಿಬ್ಬನ್ನು ಶಾಯಿಯಲ್ಲಿ ಅದ್ದಿ, ಎಳೆಯನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದೆ. ಈ ಸಲ ಕೈ ತಾನಾಗಿ ಮುಂದೆ ಹೋಗಲಿಲ್ಲ. ನಾನೇ ಎಳೆದು ಕೂಡಿಸಿದೆ.