ವೀರಗಲ್ಲಿಗೆ ಬಳಿದ ಬಣ್ಣ

ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ನನಗಿಂತ ಮೊದಲು ಏಳುವವರು ನಮ್ಮ ಯಜಮಾನರು. ಉಳಿದ ದಿನಗಳಲ್ಲಿ ಕಾಫಿ ಲೋಟ ಮೂಗಿನ ಹತ್ತಿರ ಹಿಡಿದರೂ ಕಣ್ಣು ಬಿಡದ ಈ ಮನುಷ್ಯ, ಅವತ್ತು ಮಾತ್ರ ಶೂ ಕಟ್ಟಿಕೊಂಡು, ತಲೆಗೆ ಟೋಪಿ ಹಾಕಿಕೊಂಡು, ಅಡುಗೆಮನೆಯ ಬಾಗಿಲಿಗೆ ಒರಗಿ ನನ್ನ ಪ್ರಾಣ ಹಿಂಡುತ್ತಾರೆ.

“ಆಯ್ತೇನೇ? ಬಿಸಿಲೇರಿದ್ಮೇಲೆ ಹೋಗಿ ಏನ್ ನೋಡೋದು?”

“ರೊಟ್ಟಿ ತಾನಾಗೇ ಬೇಯುತ್ತಾ? ಅಷ್ಟು ಅರ್ಜೆಂಟಿದ್ರೆ ನೀವೇ ಬಂದು ತಟ್ಟಿ.”

ತಟ್ಟುವುದಿಲ್ಲ, ಬಿಡಿ. ಮದುವೆಯಾದಾಗಿನಿಂದ ತಟ್ಟಿಲ್ಲ. ನಾನು ಪೂಜೆ ಮುಗಿಸಿ, ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಮೊಸರು ಕಟ್ಟಿಕೊಂಡು ಹೊರಟರೆ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಹಾಲಿನವನನ್ನು ಬಿಟ್ಟು ಇನ್ನೊಂದು ನರಪಿಳ್ಳೆ ಇರುವುದಿಲ್ಲ. ಟೋಲ್‌ಗೇಟಿನಲ್ಲಿ ಮಾಗಡಿ ಬಸ್ಸು ಹತ್ತಿದೆವೆಂದರೆ ಸುಂಕದಕಟ್ಟೆ, ಬ್ಯಾಡರಹಳ್ಳಿ ದಾಟುವವರೆಗೂ ನನಗೆ ನಿದ್ದೆ. ತಾವರೆಕೆರೆ ಕಳೆದ ಮೇಲೆ ಯಾವುದಾದರೊಂದು ಹಳ್ಳಿಯ ಗೇಟಿನಲ್ಲಿ ಇಳಿದು ನಡೆಯಲು ಶುರು.

ನಾವು ನೋಡಲು ಹೋಗುವುದು ಯುದ್ಧ ನಡೆದ ಜಾಗಗಳನ್ನು. ಸಾವನದುರ್ಗದ ಸುತ್ತಮುತ್ತ ಅದಕ್ಕೇನೂ ಬರವಿಲ್ಲ. ಒಂದು ಗುಡ್ಡದ ಮೇಲೆ ಅರ್ಧ ಕುಸಿದ ಕಾವಲು ಬತೇರಿ, ಇನ್ನೊಂದರ ಮೇಲೆ ಕಲ್ಲಿನ ಗೋಡೆಯ ಸಾಲು, ಬ್ರಿಟಿಷರ ದಂಡು ಫಿರಂಗಿ ಎಳೆದುಕೊಂಡು ಹೋಯಿತೆನ್ನುವ ದಾರಿ. ಈಗ ಆ ದಾರಿಯ ಎರಡೂ ಕಡೆ ರಾಗಿ, ಅವರೆ, ಅಲ್ಲಲ್ಲಿ ‘ಸೈಟುಗಳು ಮಾರಾಟಕ್ಕಿವೆ’ ಎನ್ನುವ ಬೋರ್ಡು. ಇವೆಲ್ಲಕ್ಕಿಂತ ಇವರಿಗೆ ಪ್ರಾಣವೆಂದರೆ ವೀರಗಲ್ಲುಗಳು. ಊರಿಗಾಗಿ, ದನಕರುಗಳಿಗಾಗಿ, ಯಾವನೋ ಪಾಳೇಗಾರನಿಗಾಗಿ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಕೆಳಗೆ ಅವನು ಕತ್ತಿ ಹಿಡಿದು ಕಾದುತ್ತಿರುತ್ತಾನೆ, ಮಧ್ಯದಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿರುತ್ತಾರೆ, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ನಾನು ಚಿತ್ರದುರ್ಗದವಳು. ಕೋಟೆಯ ಕಲ್ಲಿನ ಮೇಲೆ ಹಪ್ಪಳ ಒಣಗಿಸಿ ಬೆಳೆದವಳಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಇವರು ಹೇಳುವುದನ್ನು ಕೇಳುತ್ತಾ ನಡೆಯುವುದು ನನಗೆ ಇಷ್ಟ. ಮನೆಯಲ್ಲಿ ಇವರು ಇಷ್ಟು ಮಾತಾಡುವುದಿಲ್ಲ.

ಇವರು ದುಡಿದದ್ದು ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ. ಕಬ್ಬಿಣದ ತುಂಡನ್ನು ಬೆಳಕಿಗೆ ಹಿಡಿದು, ಅಳತೆಗೆ ಮುಂಚೆಯೇ “ಒಂದ್ ಕೂದ್ಲು ಜಾಸ್ತಿ ಇದೆ” ಎಂದುಬಿಡುತ್ತಿದ್ದರಂತೆ. ಕಣ್ಣಿನ ಮೇಲೆ ಅಷ್ಟು ಜಂಬ. ನಿವೃತ್ತರಾದ ಮೇಲೆ ಆ ಜಂಬವೆಲ್ಲ ಕಲ್ಲುಗಳ ಕಡೆ ತಿರುಗಿತು. ವೀರನ ಸೊಂಟದ ಬಾಕು, ಜಡೆಯ ಗಂಟು, ಕುದುರೆಯ ಗೆಜ್ಜೆ, ಎಲ್ಲ ಬೇಕು. ಯಾರಾದರೂ ಕಲ್ಲಿಗೆ ಸುಣ್ಣವನ್ನೋ ಬಣ್ಣವನ್ನೋ ಬಳಿದಿದ್ದರೆ ಮುಗಿಯಿತು, ಆ ಊರಿನವರಿಗೆಲ್ಲ ಬೈಗುಳ. ಒಮ್ಮೆ ರಾಮನಗರದ ಕಡೆ ಒಂದು ಹಳ್ಳಿಯಲ್ಲಿ ಇವರ ಕೂಗಾಟಕ್ಕೆ ಜನ ಸೇರಿ, ನಾನು ಎಲ್ಲರಿಗೂ ಕೈಮುಗಿದು ಇವರನ್ನು ಎಳೆದುಕೊಂಡು ಬಂದಿದ್ದೆ.

ಅಂಥ ಕಣ್ಣಿಗೆ ಶುಗರ್ ವಕ್ಕರಿಸಿತು. ನೋಟ ಮಂಜಾಗುತ್ತಿದೆ ಎಂದು ಹೋದರೆ, ಕಣ್ಣಿನ ಹಿಂದಿನ ಪರದೆ ಊದಿಕೊಂಡಿದೆ, ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ಒಂದಲ್ಲ, ಹಲವು ಸಲ ಎಂದರು ಡಾಕ್ಟರು. ಬಿಟ್ಟರೆ ನೋಟದ ನಡುಭಾಗ ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ ಎಂದೂ ಬಿಡಿಸಿ ಹೇಳಿದರು. ಮೊದಲನೆಯದನ್ನು ಹಾಕಿಸಿಕೊಂಡು ಬಂದ ಸಂಜೆ ನಂದಿನಿ ಲೇಔಟಿನಿಂದ ಮಗಳು ಬಂದಳು. ಅಪ್ಪನ ಕೈ ಹಿಡಿದು ಅಳುತ್ತಲೇ, “ಸಾಕಪ್ಪ, ಈ ಕಣ್ಣಿಟ್ಕೊಂಡು ಗುಡ್ಡ ಹತ್ತೋದು ಬೇಡ. ಇನ್ಮೇಲೆ ಭಾನುವಾರ ಮನೇಲೇ ಇರಿ” ಎಂದಳು. ಅವಳು ಹೇಳಿದ್ದು ಪ್ರೀತಿಯಿಂದಲೇ. ಮರುವಾರದಿಂದ ಇವರ ಕಣ್ಣು ತಾನಾಗಿಯೇ ಸರಿಹೋಗಿಬಿಟ್ಟಿತು. “ಚೆನ್ನಾಗ್ ಕಾಣ್ತಿದೆ, ಇನ್ನೇನಕ್ಕೆ ಆಸ್ಪತ್ರೆ?” ಎಂದರು. ಪೇಪರ್ ಹಿಡಿದು ಕೂತರು, ಟೀವಿ ನೋಡಿ ನಕ್ಕರು. ನಾನು ಕೇಳಿದಾಗಲೆಲ್ಲ ರೇಗಿದರು. ಕಣ್ಣಿಗೆ ಸೂಜಿ ಚುಚ್ಚಿಸಿಕೊಳ್ಳಿ ಎಂದು ಬಲವಂತ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ನಾನೂ ಸುಮ್ಮನಾದೆ, ಕೆಲವು ತಿಂಗಳು ಹಾಗೇ ಕಳೆಯಿತು.

ಆ ಭಾನುವಾರ ನಾವು ಹೋದದ್ದು ಹಿಂದೆ ಒಮ್ಮೆ ನೋಡಿದ್ದ ಹಳ್ಳಿಗೇ. ಊರಾಚೆ ಹುಣಸೆಮರದ ಕೆಳಗೆ ಒಂದು ಒಳ್ಳೆಯ ವೀರಗಲ್ಲಿದೆ, ಅದನ್ನು ಮತ್ತೊಮ್ಮೆ ನೋಡಬೇಕೆಂದು ಇವರಿಗೆ ಆಸೆ. ಚಳಿಗಾಲದ ಬೆಳಗು. ಹೊಲದಲ್ಲಿ ಅವರೆ ಹೂವಿನ ಘಮ. ಬದುವಿನ ಮೇಲೆ ನನ್ನನ್ನೇ ಮುಂದೆ ಬಿಟ್ಟಿದ್ದರು. ಹಿಂದೆಲ್ಲ ಮುಂದೆ ಮುಂದೆ ಓಡಿ, “ಬಾರೇ, ಬಾರೇ” ಎಂದು ಕೂಗುತ್ತಿದ್ದವರು ಈಗೀಗ ನನ್ನ ಸೆರಗಿನ ಹಿಂದೆಯೇ ಬರುತ್ತಿದ್ದರು. ವಯಸ್ಸಾದ ಮೇಲಾದರೂ ಹೆಂಡತಿಯ ಜೊತೆ ನಡೆಯಬೇಕೆಂಬ ಬುದ್ಧಿ ಬಂತಲ್ಲ ಎಂದು ನಾನು ಒಳಗೊಳಗೇ ಉಬ್ಬಿದ್ದೆ.

ಮರದಿಂದ ಒಂದಷ್ಟು ದೂರದಲ್ಲೇ ಇವರು ನಿಂತರು. ಎದುರು ಬಿಸಿಲಿಗೆ ಟೋಪಿ ಕೆಳಗೆಳೆದುಕೊಂಡು ಕೋಲೆತ್ತಿ ತೋರಿಸಿದರು.

“ನೋಡೇ, ಹೆಂಗಿದೆ! ಕೆತ್ತಿದ್ ದಿನ ಹೆಂಗಿತ್ತೋ ಹಂಗೇ ಇದೆ. ಒಬ್ರೂ ಕೈ ಹಚ್ಚಿಲ್ಲ. ಕಲ್ಲಿನ ಬಣ್ಣ ಅಂದ್ರೆ ಇದು. ಈ ಊರಿನೋರಿಗೆ ಬುದ್ಧಿ ಇದೆ ಕಣೇ.”

ನಾನು ನೋಡಿದೆ. ಕಲ್ಲಿಗೆ ಮೇಲಿನಿಂದ ಕೆಳಗಿನವರೆಗೆ ಆಯಿಲ್ ಪೇಂಟ್ ಬಳಿದಿದ್ದರು. ಹಿನ್ನೆಲೆ ಕಡುನೀಲಿ. ವೀರನಿಗೆ ಕೆಂಪು ಚಡ್ಡಿ, ಕಿವಿಯವರೆಗೆ ಕಪ್ಪು ಮೀಸೆ. ಅಪ್ಸರೆಯರಿಗೆ ಗಿಳಿಹಸಿರು ಸೀರೆ. ಕುದುರೆ ಗುಲಾಬಿ. ಬಣ್ಣ ಇನ್ನೂ ಮಿರಮಿರ ಮಿಂಚುತ್ತಿತ್ತು.

ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ತಿರುಗಿ ನೋಡಿದರೆ ಮುಖದಲ್ಲಿ ತಮಾಷೆಯಿಲ್ಲ. ಕೋಲು ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು, ಬಾಕು, ಜಡೆ, ಗೆಜ್ಜೆ ಎಂದು ಒಂದೊಂದನ್ನೇ ವರ್ಣಿಸುತ್ತಿದ್ದರು. ಎಲ್ಲವೂ ಸರಿಯೇ. ಎಲ್ಲವೂ ಹಿಂದೆ ನೋಡಿ ನೆನಪಿಟ್ಟುಕೊಂಡದ್ದು. ಪೇಪರು, ಟೀವಿ, ನನ್ನ ಸೆರಗಿನ ಹಿಂದಿನ ನಡಿಗೆ, ಎಲ್ಲ ಒಟ್ಟಿಗೆ ಅರ್ಥವಾಯಿತು. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ.

ಆ ಹೊತ್ತಿಗೆ ಒಬ್ಬ ಹೆಂಗಸು ಹಸು ಹೊಡೆದುಕೊಂಡು ಬಂದಳು. ಕಲ್ಲನ್ನು ನೋಡುತ್ತಿದ್ದ ನಮ್ಮನ್ನು ನೋಡಿ ಅವಳಿಗೆ ಖುಷಿಯಾಯಿತು.

“ಚೆನ್ನಾಗೈತಾ ಸಾರ್? ದೇವಸ್ಥಾನಕ್ಕೆ ಪೇಂಟ್ ಹೊಡ್ಸಿದ್ವಲ್ಲ, ಮಿಕ್ಕಿದ್ನ ನಮ್ ವೀರಣ್ಣಂಗೂ ಹೊಡ್ಸುದ್ವಿ. ದೇವ್ರಿಗ್ ಮಾತ್ರ ಹೊಸದಾ? ಊರಿಗೋಸ್ಕರ ಪ್ರಾಣ ಬಿಟ್ಟೋನು, ಇವ್ನೂ ಲಕ್ಷಣವಾಗಿರ್ಲಿ ಅಂತ.”

ಅಷ್ಟು ಹೇಳಿ ಅವಳು ಹಸುವಿನ ಹಿಂದೆ ಹೋದಳು. ಇವರ ಕೋಲು ಮೆಲ್ಲಗೆ ಕೆಳಗಿಳಿಯಿತು.

“ಏನ್ ಬಣ್ಣ ಹೊಡ್ದಿದಾರೆ?” ಎಂದರು, ಮೆತ್ತಗೆ.

“ಹಿನ್ನೆಲೆ ಎಲ್ಲ ನೀಲಿ.”

“ಕುದ್ರೆಗೆ?”

“ಗುಲಾಬಿ.”

“ಥೂ!” ಎಂದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿ ದೇವರೇ, ಇಡೀ ಊರಿಗೆ ಕೇಳುವಂತೆ ಬಯ್ಯಲಿ ಎಂದು ಬೇಡಿಕೊಂಡೆ. ಆದರೆ ಬಯ್ಯಲಿಲ್ಲ. ತಡವಿಕೊಂಡು ಬಂದು ನನ್ನ ಪಕ್ಕ ಕೂತರು.

“ಮರದ ಕೆಳಗೆ ಮಬ್ಬುಮಬ್ಬಾಗಿ ಏನೋ ಇತ್ತು. ಅದೇ ಕಲ್ಲು ಅಂದ್ಕೊಂಡೆ.”

“ಎಷ್ಟ್ ದಿನದಿಂದ ಹಿಂಗೆ?”

“ಈ ಕಡೆ ಆ ಕಡೆ ಕಾಣುತ್ತೆ. ಯಾವುದನ್ನ ನೋಡ್ಬೇಕು ಅಂತೀನೋ ಅದೇ ಕಾಣಲ್ಲ. ಊಟ ಬಡಿಸ್ತೀಯಲ್ಲ, ಬಳೆ ಕಾಣುತ್ತೆ, ಸೆರಗು ಕಾಣುತ್ತೆ. ನಿನ್ ಮುಖ ನೋಡಿ ಎಷ್ಟೋ ದಿನ ಆಯ್ತು ಕಣೇ.”

ಆಗ ನಾನು ಅತ್ತುಬಿಟ್ಟೆ. ದಾರಿಹೋಕರು ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಅತ್ತೆ. ಅಳುತ್ತಲೇ ಬೈದೆ. “ಬಾಯಲ್ಲಿ ಏನ್ ತುಂಬ್ಕೊಂಡಿದ್ರಿ? ಒಂದ್ ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಭಾನುವಾರ ಬಿಡಿಸ್ತಿದ್ರಿ. ವಾರವೆಲ್ಲಾ ಆ ಕುರ್ಚಿ ಮೇಲೆ ಕೂತಿರೋನಿಗೆ ಇನ್ನೇನಿದೆ ಹೇಳು.”

“ನಾಳೆ ಆಸ್ಪತ್ರೆಗೆ ಬನ್ನಿ. ಭಾನುವಾರ ಬಿಡ್ಸೋಕೆ ಯಾರಾದ್ರೂ ಬರ್ಲಿ, ನಾನ್ ನೋಡ್ಕೋತೀನಿ. ಮಗಳೇ ಬರ್ಲಿ.”

ಬುತ್ತಿ ಬಿಚ್ಚಿ ರೊಟ್ಟಿ ಕೈಗಿಟ್ಟೆ, ಅರ್ಧ ತಿಂದರು. ಆಮೇಲೆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗು ಎಂದರು. ಕೈ ಹಿಡಿದು ನಡೆಸಿದೆ. ಪೇಂಟಿನ ಮೇಲೆ ಒಂದು ಸಲ ಅಂಗೈ ಆಡಿಸಿ, ಆ ಹೆಂಗಸಿನ ವೀರಣ್ಣನಿಗೆ ಕೈಮುಗಿದರು. “ಹೋಗೋಣ, ನಾಳೆ ಎಷ್ಟೊತ್ತಿಗೆ ಹೋಗ್ಬೇಕು ಆಸ್ಪತ್ರೆಗೆ?” ಎಂದು ಕೇಳಿದರು.

ಡಾಕ್ಟರು ಚೆನ್ನಾಗಿಯೇ ಬೈದರು. ನಡುಭಾಗದಲ್ಲಿ ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಇಂಜೆಕ್ಷನ್‌ಗಳು ನಡೆಯುತ್ತಿವೆ. ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿ, ಭಾನುವಾರದ ತಂಟೆಗೆ ಬರಬೇಡ ಎಂದೂ ಹೇಳಿದೆ. ಅವಳು ಒಂದು ವಾರ ಮುನಿಸಿಕೊಂಡಿದ್ದು, ಆಮೇಲೆ ಅಪ್ಪನಿಗೆ ಒಳ್ಳೆಯ ಶೂ ತಂದುಕೊಟ್ಟಳು. ಗುಡ್ಡಗಳನ್ನು ಬಿಟ್ಟಿದ್ದೇವೆ. ಊರಿನ ದಾರಿಗಳಲ್ಲಿ ನಡೆಯುತ್ತೇವೆ. ಕಲ್ಲಿನಲ್ಲಿ ಏನಿದೆ ಎಂದು ನಾನು ಹೇಳಬೇಕು. ಕತ್ತಿಗೂ ಬಾಕುವಿಗೂ ವ್ಯತ್ಯಾಸ ಗೊತ್ತಿಲ್ಲವೇ ನಿನಗೆ ಎಂದು ಬೈಸಿಕೊಳ್ಳಬೇಕು. ಕಲ್ಲಿನ ಹತ್ತಿರ ನಿಂತು ಬೈಸಿಕೊಳ್ಳುವಾಗ ನನಗೆ ಆಗುವ ಸಂತೋಷ ಇವರಿಗೆ ಗೊತ್ತಾಗದಂತೆ ಮುಖ ಗಂಟಿಕ್ಕಿಕೊಳ್ಳುತ್ತೇನೆ. ಗಂಟಿಕ್ಕಿದ್ದು ಇವರಿಗೆ ಕಾಣುವುದಿಲ್ಲ ಎನ್ನುವುದು ಆಮೇಲೆ ನೆನಪಾಗುತ್ತದೆ.

ಮೊನ್ನೆ ನನ್ನ ಅಕ್ಕ ದುರ್ಗದಿಂದ ಬಂದಿದ್ದಳು. ಅವಳಿಗೆ ಇವರ ಕಣ್ಣಿನ ವಿಷಯ ಇನ್ನೂ ಹೇಳಿರಲಿಲ್ಲ. ಊಟಕ್ಕೆ ಕೂತಾಗ ಇವರು ನನ್ನೊಡನೆ ಮಾತಾಡುತ್ತಿದ್ದರು. ಮಾತಾಡುವಾಗ ಈಗೀಗ ನನ್ನ ಮುಖದ ಕಡೆ ತಿರುಗುವುದಿಲ್ಲ, ನನ್ನ ಕಿವಿಯಾಚೆ ಗೋಡೆಯನ್ನು ನೋಡುತ್ತಾರೆ. ನೇರ ನೋಡಿದರೆ ನಾನಿರುವ ಜಾಗವೆಲ್ಲ ಮಬ್ಬು. ಹಾಗೆ ಪಕ್ಕಕ್ಕೆ ನೋಡಿದರೆ ಕಣ್ಣಂಚಿನಲ್ಲಿ ನನ್ನ ಮುಖ ಅಷ್ಟಿಷ್ಟು ಮೂಡುತ್ತದಂತೆ. ಅಕ್ಕ ಅಡುಗೆಮನೆಗೆ ಬಂದು ನನ್ನ ತೋಳು ಹಿಡಿದು ಪಿಸುಗುಟ್ಟಿದಳು.

“ಏನೇ, ಜಗಳ ಆಡೀರೇನು? ನಿನ್ನ ಗಂಡ ನಿನ್ನ ಮುಖ ಸಹ ನೋಡ್ತಿಲ್ಲಲ್ಲ.”

“ನೋಡ್ತಾನೇ ಇದಾರೆ ಕಣಕ್ಕ” ಎಂದೆ.