ಮದ್ದಿನ ಕಪಾಟಿನ ಉಮಾವತಿ

ನೀರುದೋಸೆಯ ಮೊದಲ ಹಿಟ್ಟು ಕಾವಲಿಗೆ ಬಿದ್ದು ಚುಂಯ್ ಎನ್ನುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಕೊರೊನಾದ ಎರಡನೇ ವರ್ಷ, ಜೂನ್ ಕೊನೆಯ ಶುಕ್ರವಾರ, ಬೆಳಗಿನ ಆರೂಮುಕ್ಕಾಲು. ಡಚ್ಚರ ನಾಡಿನ ಹಾರ್ಲೆಮ್‌ನ ಮೂರನೇ ಮಹಡಿಯ ಮನೆಯಲ್ಲಿ ಉಮಾವತಿ ಹಿಟ್ಟು ಮೆತ್ತಿದ ಕೈಯ ಕಿರುಬೆರಳಿನಿಂದ ಸ್ಪೀಕರ್ ಒತ್ತುತ್ತಾರೆ.

"ಉಮಕ್ಕಾ, ಸಾರಿ, ತುಂಬಾ ಅರ್ಲಿ ಆಯ್ತು. ಒಂದೇ ಒಂದು ಡೌಟು."

"ನಿಮ್ಮ ಒಂದೇ ಒಂದು ಡೌಟಿಗೆ ನನ್ನ ಎಷ್ಟು ದೋಸೆ ಕರಟಿದೆ ಅಂತ ಗೊತ್ತುಂಟಾ ಶ್ರೀಪಾದರೇ?"

ಶ್ರೀಪಾದ ಹತ್ತಿರದ ಆಲ್ಮೆರೆ ಊರಿನಲ್ಲಿರುವ ಸೇತುವೆ ಎಂಜಿನಿಯರು. ವಾರಾಂತ್ಯದಲ್ಲಿ ಕ್ಲಬ್ಬಿನಲ್ಲಿ ಪಿಸ್ತೂಲಿನಿಂದ ಕಾಗದದ ಗುರಿಗೆ ಹೊಡೆಯುವುದು ಅವರ ಹವ್ಯಾಸ. ಖಾಲಿ ತೋಟಾಗಳಿಗೆ ಕಿಡಿ ಹೊತ್ತಿಸುವ ಕೇಪು, ಹೊಸ ಮದ್ದು, ಹೊಸ ಗುಂಡು ತುಂಬಿಸಿ ಮತ್ತೆ ಬಳಸುತ್ತಾರೆ. ಅದಕ್ಕೆ ಬೇಕಾದ ಪರವಾನಗಿಯೆಲ್ಲ ಅವರ ಬಳಿ ಇದೆ. ಇಲ್ಲದ್ದು ತಾಳ್ಮೆ ಒಂದೇ.

"ಮಾರ್ಚ್‌ನಲ್ಲಿ ಲೋಡ್ ಮಾಡ್ತಿದ್ನಲ್ಲ, ಅಳತೆ ಮಷೀನಿನಲ್ಲಿ ಸ್ವಲ್ಪ ಪೌಡರ್ ಹಾಗೇ ಉಳಿದುಬಿಟ್ಟಿತ್ತು. ಮೊನ್ನೆ ವಾಪಸ್ ಬಾಟಲಿಗೆ ಸುರಿದೆ. ಟೇಬಲ್ ಮೇಲೆ ಬೇರೆ ಬೇರೆ ಪೌಡರಿನ ಎರಡು ಬಾಟಲಿ ಇತ್ತು."

"ಯಾವುದಕ್ಕೆ ಸುರಿದ್ರಿ?"

"ನೈಂಟಿ ಪರ್ಸೆಂಟ್ ಸರಿಯಾದ್ದಕ್ಕೇ."

"ಆಮೇಲೆ?"

"ಅದರಿಂದ್ಲೇ ನೂರು ರೌಂಡ್ ಲೋಡ್ ಮಾಡ್ದೆ. ನಾಳೆ ಮ್ಯಾಚು."

ದೋಸೆ ಕರಟುತ್ತದೆ. ಉಮಾವತಿ ಒಲೆ ಆರಿಸುತ್ತಾರೆ. "ಆ ನೂರನ್ನೂ ಮುಟ್ಟಬೇಡಿ ಮಾರಾಯ್ರೇ. ಡಬ್ಬಿಯಲ್ಲಿಟ್ಟು ಅಂಗಡಿಗೆ ತನ್ನಿ."

"ಯೋಚ್ನೆ ಮಾಡ್ತೀನಿ," ಎಂದು ಶ್ರೀಪಾದ ಫೋನು ಇಡುತ್ತಾರೆ. ಅಡುಗೆಮನೆಯ ಮೇಜಿನಲ್ಲಿ ಗಣಿತ ಬಿಡಿಸುತ್ತಿರುವ ಹತ್ತು ವರ್ಷದ ಪ್ರಜ್ಞಾ ಅಮ್ಮನ ಮುಖವನ್ನೇ ನೋಡುತ್ತಾಳೆ. ತರಗತಿಯಲ್ಲಿ ಯಾರಿಗೋ ಪಾಸಿಟಿವ್ ಬಂದಿದೆ, ಐದು ದಿನ ಅವಳಿಗೆ ಅಡುಗೆಮನೆಯೇ ಶಾಲೆ.

ಊರಂಚಿನ ಕೈಗಾರಿಕಾ ಬಡಾವಣೆಯಲ್ಲಿ ಗುರಿ ಹೊಡೆಯುವವರಿಗೆ ಬೇಕಾದ ಸಾಮಾನು ಮಾರುವ ಪುಟ್ಟ ಅಂಗಡಿಯೊಂದಿದೆ. ಅದರ ಮದ್ದು, ಗುಂಡುಗಳ ಕಪಾಟು ಹದಿಮೂರು ವರ್ಷದಿಂದ ಉಮಾವತಿಯದು. ಬೋರ್ಡಿನ ಮೇಲೆ ಹೆಸರಿಲ್ಲ, ಗೋಡೆಯ ಮೇಲೆ ಫೋಟೋ ಇಲ್ಲ. ಗೆದ್ದವರು ಬಹುಮಾನದ ಕಪ್ ಹಿಡಿದು ತೆಗೆಸಿಕೊಂಡ ಚಿತ್ರಗಳಲ್ಲಿ ಅವರ ಸುಳಿವೂ ಇಲ್ಲ. ಆದರೆ ಆ ಗೆದ್ದವರ ತೋಟಾಗಳಿಗೆ ಯಾವ ಮದ್ದು, ಯಾವ ಗುಂಡು ಎಂದು ಹೇಳಿಕೊಟ್ಟವರು ಈಕೆಯೇ.

ಮಂಗಳೂರಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು ಬಂದರಿನಲ್ಲಿ ಕೆಲಸ ಸಿಕ್ಕಿದ ಗಂಡನ ಜತೆ ಇಲ್ಲಿಗೆ ಬಂದರು. ಅಂಗಡಿಗೆ ಸೇರಿದ್ದು ನೆಲ ಒರೆಸಲು. ಒಂದು ದಿನ ಮಾಲೀಕ ಮದ್ದು ತೂಗುತ್ತಿದ್ದಾಗ ಬಕೆಟ್ ಕೆಳಗಿಟ್ಟು, ಹರಕುಮುರುಕು ಡಚ್ಚಿನಲ್ಲಿ ಹೇಳಿಯೇಬಿಟ್ಟರು: "ತಕ್ಕಡಿಗೆ ಹೀಟರ್ ಗಾಳಿ ಬೀಳ್ತಾ ಉಂಟು. ತೂಕ ಸುಳ್ಳು." ಹೀಟರ್ ಆರಿಸಿ ತೂಗಿದರೆ ನಿಜಕ್ಕೂ ವ್ಯತ್ಯಾಸವಿತ್ತು. ಮರುವಾರ ಒರೆಸುವ ಕೋಲು ಬೇರೆಯವರ ಕೈಗೆ ಹೋಯಿತು.

ಕೊರೊನಾ ಬಂದ ಮೇಲೆ ಈ ಕೆಲಸ ತಲೆನೋವಾಗಿದೆ. ಅರುವತ್ತು ಬಾಟಲಿ ಹಿಡಿಯುವ ಕಪಾಟಿನಲ್ಲಿ ಈಗಿರುವುದು ಹನ್ನೊಂದು. ಸರಕು ಬರುವುದು ಯಾವಾಗಲೋ. ಮನೆಯಲ್ಲೇ ಕೂತು ಬೇಜಾರಾದ ಗಂಡಸರೆಲ್ಲ ಲೋಡಿಂಗ್ ಮಷೀನು ಕೊಂಡಿದ್ದಾರೆ. ದಿನಕ್ಕೆ ನಲವತ್ತು ಕರೆ, ಅದರಲ್ಲಿ ಮೂವತ್ತು ಒಂದೇ ಪ್ರಶ್ನೆ: ಅದಿಲ್ಲದಿದ್ದರೆ ಇದು ಆಗುತ್ತದೆಯೇ?

"ಬೆಳ್ತಿಗೆ ಅಕ್ಕಿ ಇಲ್ಲದಿದ್ರೆ ಕುಚ್ಚಲಕ್ಕಿ ಕೊಡಿ ಅನ್ನೋ ಹಾಗೆ ಕೇಳ್ತಾರೆ," ಎಂದು ಉಮಾವತಿ ಹಣೆ ಚಚ್ಚಿಕೊಳ್ಳುತ್ತಾರೆ. "ಒಂದು ಮದ್ದು ಬೇಗ ಉರೀತದೆ, ಒಂದು ನಿಧಾನ. ನೋಡ್ಲಿಕ್ಕೆ ಎರಡೂ ಬೂದು ಚಕ್ಕೆಯೇ. ಒಂದರ ಅಳತೆ ಇನ್ನೊಂದಕ್ಕೆ ಹಾಕಿದ್ರೆ ಪಿಸ್ತೂಲು ಕೈಯಲ್ಲೇ ಒಡೆದೀತು."

ಕಾಗದಕ್ಕೆ ಹೊಡೆಯುವವರಿಗೆ ಅವರು ಕೊಡುವ ಸಲಹೆ ಸರಳ. ಮೂತಿ ಚಪ್ಪಟೆಯಾಗಿರುವ ಸೀಸದ ಗುಂಡು ಒಳ್ಳೆಯದು, ಅಂಚು ಹರಿಯದೆ ದುಂಡಗೆ ತೂತು ಬೀಳುತ್ತದೆ, ಅಂಕ ಎಣಿಸುವವರಿಗೆ ಜಗಳವಿಲ್ಲ. ಮದ್ದು ಹಗುರವಾಗಿ, ಹೆಚ್ಚು ಜಾಗ ತುಂಬುವಂಥದ್ದಿರಲಿ. ಮರೆತು ಎರಡು ಸಲ ಸುರಿದರೆ ತೋಟಾ ತುಂಬಿ ಹೊರಗೆ ಚೆಲ್ಲುತ್ತದೆ, ಕಣ್ಣಿಗೆ ಬೀಳುತ್ತದೆ. ಗುಂಡಿನ ತೂಕ ಬದಲಾದರೆ ಮದ್ದಿನ ಲೆಕ್ಕವೂ ಬದಲು. ತಯಾರಕರ ಪುಸ್ತಕದ ಪಟ್ಟಿಯಲ್ಲಿ ಅತಿ ಕಡಿಮೆ ಅಳತೆಯಿಂದಲೇ ಶುರು. ಎಲ್ಲಕ್ಕಿಂತ ಮುಖ್ಯವಾಗಿ, ಮೇಜಿನ ಮೇಲೆ ಯಾವಾಗಲೂ ಒಂದೇ ಬಾಟಲಿ.

"ಈ ಒಂದೇ ಬಾಟಲಿ ಅನ್ನೋದನ್ನು ಎಷ್ಟು ಸಲ ಹೇಳಿದ್ದೇನೆ! ತಲೆ ಆಡಿಸ್ತಾರೆ. ಮನೆಗೆ ಹೋಗಿ ಯೂಟ್ಯೂಬಿನವನ ಮಾತು ಕೇಳ್ತಾರೆ. ಅವನಿಗೆ ಇವರ ಬೆರಳೇನು ಗೊತ್ತು?"

ಮಾಲೀಕನಿಗೆ ಇನ್ನೊಂದು ಚಿಂತೆ. ಸರಕಿಲ್ಲದೆ ಮೊದಲೇ ವ್ಯಾಪಾರವಿಲ್ಲ, ಇರುವ ಗಿರಾಕಿಯನ್ನೂ ಉಮಾ ಬೈದು ಓಡಿಸುತ್ತಾಳೆಂದು. ಕಳೆದ ತಿಂಗಳು ಹೆಸರಿನ ಚೀಟಿ ಕಿತ್ತುಹೋದ ಮದ್ದಿನ ಬಾಟಲಿ ತಂದು "ಇದು ಯಾವುದು, ನೋಡಿ ಹೇಳಿ" ಎಂದವನಿಗೆ, ಉಮಾವತಿ ಕಣ್ಣಳತೆಯಲ್ಲಿ ಹೇಳುವುದಿಲ್ಲವೆಂದರು. ಆತ ಸಿಟ್ಟಾಗಿ ಹೊರಟುಹೋದ. "ಹೋಗ್ಲಿ. ಹದಿಮೂರು ವರ್ಷದಲ್ಲಿ ನನ್ನ ಮಾತು ಕೇಳಿದ ಯಾರ ಬೆರಳೂ ಹೋಗ್ಲಿಲ್ಲ. ನನಗೆ ಅಷ್ಟು ಸಾಕು," ಎನ್ನುತ್ತಾರೆ ಉಮಾವತಿ. ದನಿಯಲ್ಲಿ ಜಂಬವಿಲ್ಲ, ಆಯಾಸವಿದೆ.

ಎಂಟು ಗಂಟೆ. ಸೈಕಲ್ ಕೀಲಿ ಹುಡುಕುತ್ತಿರುವಾಗ ಮತ್ತೆ ಶ್ರೀಪಾದರ ಕರೆ. ಸ್ಪೀಕರ್ ಹಾಕಿ ಫೋನನ್ನು ಮಗಳ ಪುಸ್ತಕದ ಪಕ್ಕ ಇಡುತ್ತಾರೆ.

"ಉಮಕ್ಕಾ, ಬಾಟಲಿಯೊಳಗೆ ಟಾರ್ಚ್ ಹಾಕಿ ನೋಡ್ದೆ. ಪೌಡರ್ ಎಲ್ಲಾ ಒಂದೇ ಥರ ಕಾಣ್ತಿದೆ."

"ಎರಡೂ ಒಂದೇ ಥರ ಇರೋದಕ್ಕೇ ಅಲ್ವಾ ನಿಮಗೆ ಗೊತ್ತಾಗದೆ ಹೋದದ್ದು?"

"ನೀವು ಸುಮ್ನೆ ಹೆದರಿಸ್ತೀರಾ. ನೂರು ರೌಂಡ್ ಉಮಕ್ಕ, ಎರಡು ಸಂಜೆ ಕೂತಿದೀನಿ. ಕೇಪು ಎಲ್ಲೂ ಸಿಗ್ತಿಲ್ಲ ಬೇರೆ."

"ಸೇತುವೆಗೆ ತೊಂಬತ್ತು ಪರ್ಸೆಂಟ್ ಸರಿ ಅಂತ ಬೋಲ್ಟ್ ಹಾಕ್ತೀರಾ ನೀವು?"

"ಅದು ಬೇರೆ, ಇದು ಬೇರೆ."

"ತನ್ನಿ ಮಾರಾಯ್ರೇ. ಗುಂಡು ಬಿಚ್ಚುವ ಸುತ್ತಿಗೆ ಅಂಗಡಿಯಲ್ಲಿ ಉಂಟು. ಊಟದ ಹೊತ್ತಿಗೆ ನಾನೇ ಕೂತು ನೂರನ್ನೂ ಬಿಚ್ಚಿಕೊಡ್ತೇನೆ. ಗುಂಡು, ತೋಟಾ, ಕೇಪು ಎಲ್ಲಾ ಉಳೀತದೆ. ಹೋಗೋದು ಆ ಮದ್ದು ಮಾತ್ರ."

"ನಾಳೆ ಮ್ಯಾಚಿಗೆ ಏನ್ ಮಾಡ್ಲಿ? ನಾಳೆಯಿಂದ ನೋಡೋರನ್ನೂ ಒಳಗೆ ಬಿಡ್ತಾರೆ. ಅಪ್ಪ ಶೂಟ್ ಮಾಡೋದನ್ನ ಫಸ್ಟ್ ಟೈಮ್ ನೋಡ್ಬೇಕು ಅಂತ ಚಿನ್ಮಯ್ ವಾರದಿಂದ ಕುಣೀತಿದಾನೆ."

ಚಿನ್ಮಯ್ ಶ್ರೀಪಾದರ ಮಗ. ಆನ್‌ಲೈನ್ ಕನ್ನಡ ತರಗತಿಯಲ್ಲಿ ಪ್ರಜ್ಞಾಳ ಜತೆಗಾರ. ಉಮಾವತಿಯ ಬಾಯಿಗೆ ಮಾತು ಬಂದು ಅಲ್ಲೇ ನಿಲ್ಲುತ್ತದೆ. ಗಿರಾಕಿಯ ಮನೆಮಕ್ಕಳ ಹೆಸರೆತ್ತಿ ಹೆದರಿಸಿದರೆ ಮಾಲೀಕ ಏನೆನ್ನುತ್ತಾನೆಂದು ಗೊತ್ತು. ಪ್ರಜ್ಞಾ ಪೆನ್ಸಿಲ್ ಕೆಳಗಿಟ್ಟು ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಅಮ್ಮ ಬೇಡವೆಂದು ತಲೆಯಾಡಿಸುತ್ತಾರೆ.

"ಒಂದ್ ಹದಿನೈದು ರೌಂಡ್ ಮಾತ್ರ ಹೊಡೀತೀನಿ ಉಮಕ್ಕಾ," ಶ್ರೀಪಾದರ ದನಿ ಈಗ ಗೋಗರೆಯುತ್ತಿದೆ. "ಏನೂ ಆಗಲ್ಲ ಬಿಡಿ."

ಪ್ರಜ್ಞಾ ಫೋನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ.

"ಅಂಕಲ್, ನೀವು ಶೂಟ್ ಮಾಡುವಾಗ ಚಿನ್ಮಯ್ ಎಲ್ಲಿ ನಿಲ್ತಾನೆ?"